ದಾರಿ ತೋರಿಸಿದವರ ಪಾಲು: ಗುಟ್ಟಿನ ಕಮಿಷನ್ನಿನ ಚರಿತ್ರೆ



ಸಿ.ಇ.ಟಿ. ಪರೀಕ್ಷೆಗೆ ಯಾವ ತರಬೇತಿ ಕೇಂದ್ರ ಸೇರಬೇಕೆಂದು ನಿಮ್ಮ ಮನೆಯಲ್ಲಿ ಚರ್ಚೆ ನಡೆದಿದೆ ಎಂದುಕೊಳ್ಳಿ. ನಿಮ್ಮ ತಂದೆಯ ಪರಿಚಯದವರೊಬ್ಬರು ಬಂದು, "ಇಂಥ ಕೇಂದ್ರಕ್ಕೇ ಸೇರಿಸಿ, ಬೇರೆಲ್ಲೂ ಬೇಡ" ಎನ್ನುತ್ತಾರೆ. ಅವರ ಮಾತನ್ನು ನಂಬಿ ನಿಮ್ಮ ತಂದೆ ಹಣ ಕಟ್ಟುತ್ತಾರೆ. ಆರು ತಿಂಗಳು ಕಳೆದ ಮೇಲೆ ಒಂದು ಸಂಗತಿ ಗೊತ್ತಾಗುತ್ತದೆ. ತಾವು ಕಳಿಸಿಕೊಟ್ಟ ಪ್ರತಿಯೊಬ್ಬ ವಿದ್ಯಾರ್ಥಿಗೂ ಇಂತಿಷ್ಟು ಎಂದು ಆ ಕೇಂದ್ರದಿಂದ ಅವರಿಗೆ ಹಣ ಸಲ್ಲುತ್ತದೆ! ಪಾಠ ಚೆನ್ನಾಗಿಯೇ ನಡೆಯುತ್ತಿದೆ. ಶುಲ್ಕವೂ ಬೇರೆ ಕಡೆಗಿಂತ ಹೆಚ್ಚೇನಲ್ಲ. ಆದರೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಏಕೆ? ನಿಮಗೆ ನಷ್ಟವೇನೂ ಆಗಲಿಲ್ಲವಲ್ಲ?

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ವ್ಯಾಪಾರವನ್ನು ಕುದುರಿಸಿಕೊಟ್ಟವರಿಗೆ, ಗಿರಾಕಿಯನ್ನು ಕಳಿಸಿಕೊಟ್ಟವರಿಗೆ ಸಲ್ಲುವ ಹಣ ನ್ಯಾಯವೇ ಅನ್ಯಾಯವೇ, ಅದನ್ನು ಯಾರಿಗೆ ತಿಳಿಸಬೇಕು, ಎಷ್ಟು ತಿಳಿಸಬೇಕು ಎಂಬುದನ್ನು ನಿರ್ಧರಿಸಲು ನ್ಯಾಯಾಲಯಗಳೂ ಶಾಸನಸಭೆಗಳೂ ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ತಲೆ ಕೆಡಿಸಿಕೊಂಡಿವೆ. ಆ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳನ್ನು ಇಲ್ಲಿ ನೋಡೋಣ.

ಎರಡು ಪದಗಳ ಕಥೆ

ನಮ್ಮ ಮಾತಿನಲ್ಲಿ ಬಳಕೆಯಲ್ಲಿರುವ 'ದಲಾಲ' ಎಂಬ ಪದ ಅರಬ್ಬೀ ಭಾಷೆಯಿಂದ ಬಂದದ್ದು. ಅದರ ಮೂಲದಲ್ಲಿರುವ ಅರ್ಥ 'ತೋರಿಸು', 'ದಾರಿ ತೋರು' ಎಂದು. ಅಪರಿಚಿತ ಊರಿಗೆ ಬಂದಿಳಿದ ವರ್ತಕನಿಗೆ ಅಲ್ಲಿನ ಭಾಷೆ ಗೊತ್ತಿಲ್ಲ, ಸರಕಿನ ಗುಣ ಗೊತ್ತಿಲ್ಲ, ಯಾರನ್ನು ನಂಬಬಹುದೆಂಬುದೂ ಗೊತ್ತಿಲ್ಲ. ಇದನ್ನೆಲ್ಲ ಬಲ್ಲ ಒಬ್ಬನು ಅವನ ಜೊತೆಗೆ ನಿಂತು ವ್ಯಾಪಾರ ಮಾಡಿಸಿ, ತನ್ನ ಶ್ರಮಕ್ಕೆ ಕೂಲಿ ಪಡೆಯುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಅವನಿಗೆ ಎಷ್ಟು ಸಲ್ಲುತ್ತದೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ.

ಇನ್ನೊಂದು ಪದ 'ದಸ್ತೂರಿ'. ಪಾರಸಿಯಲ್ಲಿ 'ದಸ್ತೂರ್' ಎಂದರೆ ಪದ್ಧತಿ, ರೂಢಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ದೊರೆಗಳ ಮನೆಯ ಸೇವಕರು ಅಂಗಡಿಯಿಂದ ಸಾಮಾನು ತಂದಾಗ, ಅಂಗಡಿಯವನು ಆ ಬಿಲ್ಲಿನಲ್ಲಿ ಒಂದು ಪಾಲನ್ನು ಸೇವಕನ ಕೈಗೆ ಹಾಕುತ್ತಿದ್ದ. ಇದಕ್ಕೆ ದಸ್ತೂರಿ ಎಂದು ಹೆಸರು. ಈ ಪದ ಇಂಗ್ಲಿಷಿಗೂ ಹೋಯಿತು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ. ಹೆಸರಿನ ಚಮತ್ಕಾರವನ್ನು ಗಮನಿಸಿ: 'ಪದ್ಧತಿ' ಎಂದು ಕರೆದೊಡನೆ ಅದನ್ನು ಪ್ರಶ್ನಿಸುವುದೇ ತಪ್ಪೆಂಬಂತೆ ಆಗುತ್ತದೆ. ಆದರೆ ಆ ಹಣ ನಿಜವಾಗಿ ಯಾರದು? ಅಂಗಡಿಯವನು ಅದನ್ನು ತನ್ನ ಲಾಭದಿಂದ ಕೊಡಬೇಕಾಗಿರಲಿಲ್ಲ. ಬೆಲೆಗೆ ಸೇರಿಸಿದರೆ ಸಾಕಿತ್ತು. ಆಗ ಕೊಟ್ಟವನು ಯಜಮಾನನೇ, ಗೊತ್ತಿಲ್ಲದವನೂ ಯಜಮಾನನೇ.

ದಲಾಲಿಗೂ ದಸ್ತೂರಿಗೂ ನಡುವಿನ ಈ ಅಂತರವೇ ನಮ್ಮ ಕಥೆಯ ತಿರುಳು.

1872: ಗಣಿಯ ಗುಟ್ಟು

1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಭಾರತೀಯ ಕರಾರು ಕಾಯ್ದೆಯಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹರಿಸುವ ಬಗ್ಗೆ ಒಂದು ಅಧ್ಯಾಯವೇ ಇದೆ. ವಾಣಿಜ್ಯ ಮತ್ತು ಕಾನೂನು ವಿದ್ಯಾರ್ಥಿಗಳು ಇಂದಿಗೂ ಅದನ್ನೇ ಓದುತ್ತಾರೆ. ಅದರ 215ನೆಯ ಕಲಮಿನ ಕೆಳಗೆ ಒಂದು ಸೊಗಸಾದ ಉದಾಹರಣೆ ಸಿಗುತ್ತದೆ. ಒಬ್ಬನು ತನ್ನ ಜಮೀನನ್ನು ಮಾರಿಕೊಡುವಂತೆ ಏಜೆಂಟನಿಗೆ ಹೇಳುತ್ತಾನೆ. ಏಜೆಂಟನು ಜಮೀನನ್ನು ನೋಡಲು ಹೋದಾಗ ಅದರಲ್ಲಿ ಗಣಿ ಇರುವುದು ಕಾಣುತ್ತದೆ. ಒಡೆಯನಿಗೆ ಅದು ಗೊತ್ತಿಲ್ಲ. ಏಜೆಂಟನು ಗಣಿಯ ವಿಷಯ ಮುಚ್ಚಿಟ್ಟು, "ನಾನೇ ಕೊಳ್ಳುತ್ತೇನೆ" ಎಂದು ಕೊಂಡುಬಿಡುತ್ತಾನೆ. ಮುಂದೆ ನಿಜ ತಿಳಿದಾಗ ಆ ಮಾರಾಟವನ್ನು ಉಳಿಸಿಕೊಳ್ಳುವುದೋ ರದ್ದುಮಾಡುವುದೋ ಒಡೆಯನ ಇಷ್ಟ ಎಂದು ಕಾಯ್ದೆ ಹೇಳುತ್ತದೆ.

ಏಜೆಂಟನು ಜಮೀನು ಕೊಂಡದ್ದನ್ನು ಕಾಯ್ದೆ ತಪ್ಪೆನ್ನಲಿಲ್ಲ. ಗಣಿಯನ್ನು ಮುಚ್ಚಿಟ್ಟದ್ದನ್ನು ತಪ್ಪೆಂದಿತು. ಮುಂದಿನ 216ನೆಯ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಡೆಯನಿಗೆ ತಿಳಿಸದೆ ಏಜೆಂಟನು ಅದೇ ವ್ಯವಹಾರವನ್ನು ತನ್ನ ಸ್ವಂತಕ್ಕೆ ನಡೆಸಿ ಲಾಭ ಪಡೆದರೆ, ಆ ಲಾಭವನ್ನು ಕೇಳಿ ಪಡೆಯುವ ಹಕ್ಕು ಒಡೆಯನಿಗೆ ಇದೆ ಎನ್ನುತ್ತದೆ.

1888: ಮೀನು ಹಡಗು ಮತ್ತು ಮಂಜುಗಡ್ಡೆ

ಆದರೆ ಒಡೆಯನಿಗೆ ನಷ್ಟವೇ ಆಗಿರದಿದ್ದರೆ? ನಮ್ಮ ಮೊದಲ ಪ್ರಶ್ನೆಯೂ ಇದೇ ಅಲ್ಲವೇ? ಇದಕ್ಕೆ ಉತ್ತರ ಕೊಟ್ಟ ಪ್ರಸಿದ್ಧ ಮೊಕದ್ದಮೆಯೊಂದು 1888ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಬೋಸ್ಟನ್ ಡೀಪ್ ಸೀ ಫಿಶಿಂಗ್ ಅಂಡ್ ಐಸ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕ ಆನ್ಸೆಲ್ ಎಂಬುವರು ಕಂಪನಿಗಾಗಿ ಮೀನುಗಾರಿಕೆಯ ಹಡಗುಗಳನ್ನು ಕಟ್ಟಿಸಿದರು. ಕಟ್ಟಿಕೊಟ್ಟವರಿಂದ ಗುಟ್ಟಾಗಿ ಕಮಿಷನ್ ಪಡೆದರು. ಅದಲ್ಲದೆ ಮಂಜುಗಡ್ಡೆ ಪೂರೈಸುವ ಬೇರೊಂದು ಕಂಪನಿಯಲ್ಲಿ ಅವರ ಷೇರುಗಳಿದ್ದವು. ತಮ್ಮಲ್ಲಿ ಮಂಜುಗಡ್ಡೆ ಕೊಳ್ಳುವ ಷೇರುದಾರರಿಗೆ ಆ ಕಂಪನಿ ಬೋನಸ್ ಕೊಡುತ್ತಿತ್ತು. ಆನ್ಸೆಲ್ ಅದನ್ನೂ ಪಡೆದರು.

ಈ ಬೋನಸ್ಸಿನ ವಿಷಯ ಸ್ವಾರಸ್ಯಕರವಾಗಿದೆ. ಮೀನುಗಾರಿಕೆ ಕಂಪನಿ ಆ ಮಂಜುಗಡ್ಡೆ ಕಂಪನಿಯ ಷೇರುದಾರನಾಗಿರಲಿಲ್ಲ. ಆದ್ದರಿಂದ ಆ ಬೋನಸ್ ಅದಕ್ಕೆ ಎಂದೂ ಸಿಗುತ್ತಿರಲಿಲ್ಲ. ಅಂದರೆ ಆನ್ಸೆಲ್ ಕಂಪನಿಯ ಕೈಯಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಹಾಗಿದ್ದರೂ ಮೇಲ್ಮನವಿ ನ್ಯಾಯಾಲಯವು ಕಮಿಷನ್ನನ್ನೂ ಬೋನಸ್ಸನ್ನೂ ಕಂಪನಿಗೆ ಒಪ್ಪಿಸಬೇಕೆಂದು ತೀರ್ಪಿತ್ತಿತು. ಕಂಪನಿ ಅವರನ್ನು ಕೆಲಸದಿಂದ ತೆಗೆಯುವಾಗ ಈ ಕಮಿಷನ್ನಿನ ವಿಷಯ ಅದಕ್ಕೆ ಗೊತ್ತೇ ಇರಲಿಲ್ಲ. ಆಮೇಲೆ ಹೊರಬಿದ್ದ ಆ ಸಂಗತಿಯೇ ಅವರನ್ನು ತೆಗೆದದ್ದಕ್ಕೆ ಸಾಕಷ್ಟು ಕಾರಣವೆಂದು ನ್ಯಾಯಾಲಯ ಹೇಳಿತು.

ನಷ್ಟವಿಲ್ಲದಿದ್ದರೂ ಏಕೆ ಹೀಗೆ? ವಿಜ್ಞಾನ ಓದಿದವನಾದ ನಾನು ಇದನ್ನು ಪ್ರಯೋಗಾಲಯದ ಭಾಷೆಯಲ್ಲಿ ಅರ್ಥಮಾಡಿಕೊಂಡಿದ್ದೇನೆ. ಸ್ಕ್ರೂ ಗೇಜಿನಲ್ಲಿ ತಂತಿಯ ದಪ್ಪ ಅಳೆಯುವ ಮುನ್ನ ನಿಮ್ಮ ಉಪನ್ಯಾಸಕರು ಏನು ಮಾಡಲು ಹೇಳುತ್ತಾರೆ? ಉಪಕರಣವನ್ನು ಬರಿದಾಗಿ ಮುಚ್ಚಿ, ಅದು ಸೊನ್ನೆ ತೋರಿಸುತ್ತದೆಯೇ ನೋಡಲು ಹೇಳುತ್ತಾರೆ. ತೋರಿಸದಿದ್ದರೆ ಅದು ಶೂನ್ಯ ದೋಷ. ಉಪಕರಣವನ್ನು ಎಸೆಯಬೇಕಾಗಿಲ್ಲ. ದೋಷ ಎಷ್ಟೆಂದು ಗೊತ್ತಿದ್ದರೆ ಅಳತೆಯಿಂದ ಅದನ್ನು ಕಳೆದರೆ ಸರಿಯಾದ ಉತ್ತರ ಬರುತ್ತದೆ. ಗೊತ್ತಿಲ್ಲದಿದ್ದರೆ? ಹತ್ತು ಸಲ ಅಳೆದರೂ ಹತ್ತೂ ಸಲ ಒಂದೇ ತಪ್ಪು. ನಮಗೆ ಸಲಹೆ ಕೊಡುವವರೂ ಒಂದು ಅಳತೆಯ ಉಪಕರಣವಿದ್ದಂತೆ. ಅವರಿಗೆ ಕಮಿಷನ್ ಇದೆ ಎಂದು ತಿಳಿದರೆ ಅವರ ಮಾತಿನಲ್ಲಿ ಎಷ್ಟನ್ನು ಕಳೆಯಬೇಕೆಂದು ನಾವೇ ಲೆಕ್ಕ ಹಾಕಬಹುದು. ಮುಚ್ಚಿಟ್ಟರೆ ಆ ಲೆಕ್ಕ ಹಾಕುವ ಅವಕಾಶವೇ ಹೋಗುತ್ತದೆ. ಕಳೆದುಕೊಂಡದ್ದು ಹಣವಲ್ಲದೆ ಇರಬಹುದು. ತೀರ್ಮಾನಿಸುವ ನಮ್ಮ ಹಕ್ಕನ್ನಂತೂ ನಾವು ಕಳೆದುಕೊಂಡಿರುತ್ತೇವೆ.

ಪಾಚಿ ಸಸ್ಯಗಳನ್ನು ಬಲ್ಲ ನ್ಯಾಯಾಧೀಶ

ಆನ್ಸೆಲ್ ಮೊಕದ್ದಮೆ ಕೇಳಿದ ನ್ಯಾಯಪೀಠದಲ್ಲಿ ಸರ್ ಎಡ್ವರ್ಡ್ ಫ್ರೈ ಎಂಬ ನ್ಯಾಯಾಧೀಶರಿದ್ದರು. 1827ರಲ್ಲಿ ಹುಟ್ಟಿದ ಇವರು ಬ್ರಿಸ್ಟಲ್ ನಗರದಲ್ಲಿ ಚಾಕೊಲೇಟ್ ತಯಾರಿಕೆಗೆ ಹೆಸರಾದ ಕ್ವೇಕರ್ ಕುಟುಂಬದವರು. ಕ್ವೇಕರರು ಎಂದರೆ ಚೌಕಾಸಿ ಇಲ್ಲದೆ ಒಂದೇ ಬೆಲೆಗೆ ಮಾರುವುದನ್ನು ಧರ್ಮವೆಂದು ತಿಳಿದಿದ್ದ ಒಂದು ಕ್ರೈಸ್ತ ಪಂಥ. ಫ್ರೈಯವರಿಗೆ ಸಸ್ಯಶಾಸ್ತ್ರದಲ್ಲೂ ಆಸಕ್ತಿ. ಹಾವಸೆ, ಪಾಚಿಯ ಜಾತಿಯ ಸಸ್ಯಗಳ ಬಗ್ಗೆ ಪುಸ್ತಕ ಬರೆದವರು, ರಾಯಲ್ ಸೊಸೈಟಿಯ ಸದಸ್ಯರು. 1892ರಲ್ಲಿ ನಿವೃತ್ತರಾದ ಮೇಲೆ ಅವರು ಗುಟ್ಟಿನ ಕಮಿಷನ್ನಿನ ವಿರುದ್ಧ ಜನಾಭಿಪ್ರಾಯ ರೂಪಿಸುವ ಕೆಲಸಕ್ಕೆ ತೊಡಗಿದರು.

ಈ ಕೆಲಸಕ್ಕೆ ಕಾರಣವಿತ್ತು. 1898ರಲ್ಲಿ ಲಂಡನ್ ವಾಣಿಜ್ಯ ಮಂಡಳಿಯ ಸಮಿತಿಯೊಂದು ವಿಚಾರಣೆ ನಡೆಸಿ, ಗುಟ್ಟಿನ ಕಮಿಷನ್ ಬಹುತೇಕ ಎಲ್ಲ ವ್ಯಾಪಾರ, ವೃತ್ತಿಗಳಲ್ಲೂ ಹರಡಿದೆ ಎಂದು ವರದಿ ಕೊಟ್ಟಿತು. ಕೊಡದ ವ್ಯಾಪಾರಿಗೆ ಗಿರಾಕಿಯೇ ಸಿಗದಂಥ ಸ್ಥಿತಿ. ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಹಣ ಹಿಂದಕ್ಕೆ ಪಡೆಯುವ ದಾರಿಯಷ್ಟೇ ಸಾಲದು, ಇದನ್ನು ಅಪರಾಧವೆಂದೇ ಸಾರಬೇಕೆಂಬ ವಾದ ಹುಟ್ಟಿತು. ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಲಾರ್ಡ್ ರಸೆಲ್ 1899ರಲ್ಲಿ ಈ ಕುರಿತು ಮಸೂದೆ ಮಂಡಿಸಿದರು. ಮರುವರ್ಷವೇ ಅವರು ತೀರಿಕೊಂಡರು. ಮಸೂದೆ ಹಲವು ಸಲ ಬಿದ್ದು ಎದ್ದು, ಕೊನೆಗೆ 1906ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಯಾಗಿ ಅಂಗೀಕಾರವಾಯಿತು. 1907ರ ಜನವರಿ 1ರಿಂದ ಜಾರಿಗೆ ಬಂದಿತು. ಸರ್ಕಾರಿ ನೌಕರನಿರಲಿ, ಖಾಸಗಿ ಅಂಗಡಿಯ ಗುಮಾಸ್ತನಿರಲಿ, ಯಜಮಾನನ ವ್ಯವಹಾರದಲ್ಲಿ ಭ್ರಷ್ಟ ಉದ್ದೇಶದಿಂದ ಹಣ ಪಡೆದರೆ ಪಡೆದವರಿಗೂ ಕೊಟ್ಟವರಿಗೂ ಎರಡು ವರ್ಷಗಳವರೆಗೆ ಸೆರೆಮನೆ. ಕಾಯ್ದೆ ಕಾಗದದ ಮೇಲೆಯೇ ಉಳಿಯದಿರಲೆಂದು ಫ್ರೈಯವರ ಮುಂದಾಳತ್ವದಲ್ಲಿ ಒಂದು ಸಂಘವೂ ಹುಟ್ಟಿತು. ಮುಂದೆ ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಈ ಕಾಯ್ದೆಯ ಸ್ಥಾನಕ್ಕೆ 2010ರ ಲಂಚ ಕಾಯ್ದೆ ಬಂದಿತು.

ನಮ್ಮ ಮಾರುಕಟ್ಟೆಯಲ್ಲಿ

ಈಗ ನಮ್ಮ ಕಡೆಗೆ ಬರೋಣ. ರೈತನು ಬೆಳೆದದ್ದನ್ನು ಮಾರಿಸಿಕೊಡುತ್ತಿದ್ದವನು ಅಡತ್ ಅಂಗಡಿಯ ದಲಾಲ. ಅವನು ರೈತನ ಪರವೋ ಕೊಳ್ಳುವವನ ಪರವೋ ಎಂಬುದು ಸ್ಪಷ್ಟವಿರುತ್ತಿರಲಿಲ್ಲ. ಹಲವು ಮಾರುಕಟ್ಟೆಗಳಲ್ಲಿ ಬೆಲೆ ಕುದುರುತ್ತಿದ್ದದ್ದು ಬಟ್ಟೆಯ ಮರೆಯಲ್ಲಿ, ಕೈಬೆರಳುಗಳನ್ನು ಹಿಡಿದು ಮಾಡುವ ಸನ್ನೆಯಿಂದ. ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಬೆಳೆಯ ಬೆಲೆ ಹೇಗೆ ನಿರ್ಧಾರವಾಯಿತೆಂದು ತಿಳಿಯುತ್ತಿರಲಿಲ್ಲ. ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯ ಕೃಷಿ ಆಯೋಗ 1928ರಲ್ಲಿ ಕೊಟ್ಟ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಸಲಹೆ ಮಾಡಿತು. ನಮ್ಮ ರಾಜ್ಯದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯು ದಲಾಲರಿಗೆ ಲೈಸೆನ್ಸನ್ನೂ, ಬಹಿರಂಗ ಹರಾಜು ಅಥವಾ ಟೆಂಡರನ್ನೂ ವಿಧಿಸಿತು. ಕಾಯ್ದೆ ದಲಾಲನನ್ನು ಹೊರಗೆ ಹಾಕಲಿಲ್ಲ. ಬಟ್ಟೆಯ ಮರೆಯಿಂದ ಅವನ ಕೈಯನ್ನು ಹೊರಗೆಳೆಯಿತು ಎನ್ನಬಹುದು.

ಆದರೆ 1906ರ ಇಂಗ್ಲಿಷ್ ಕಾಯ್ದೆಯಂತೆ ಖಾಸಗಿ ವ್ಯವಹಾರದ ಗುಟ್ಟಿನ ಕಮಿಷನ್ನನ್ನೇ ಒಟ್ಟಾರೆ ಅಪರಾಧವೆಂದು ಸಾರುವ ಕಾನೂನು ನಮ್ಮಲ್ಲಿ ಬರಲಿಲ್ಲ. ನಮ್ಮ 1947ರ ಮತ್ತು 1988ರ ಭ್ರಷ್ಟಾಚಾರ ತಡೆ ಕಾಯ್ದೆಗಳ ಕಣ್ಣು ಮುಖ್ಯವಾಗಿ ಸಾರ್ವಜನಿಕ ನೌಕರರ ಮೇಲೆ. ಖಾಸಗಿ ಕಂಪನಿಯ ಖರೀದಿ ಅಧಿಕಾರಿ ಗುಟ್ಟಾಗಿ ಕಮಿಷನ್ ಪಡೆದರೆ, ಕಂಪನಿಯು ಕರಾರು ಕಾಯ್ದೆಯ ಹಾದಿಯಲ್ಲಿ ಹೋಗಬೇಕು. ಇಲ್ಲವೇ ವಂಚನೆ, ನಂಬಿಕೆದ್ರೋಹ ನಡೆದಿದೆ ಎಂದು ಸಾಬೀತುಪಡಿಸಬೇಕು.

ಆದರೂ ಒಂದೊಂದು ಕ್ಷೇತ್ರಕ್ಕೂ ಬೇರೆ ಬೇರೆ ನಿಯಮಗಳು ಬಂದಿವೆ. ಮ್ಯೂಚುಯಲ್ ಫಂಡಿನದು ಒಳ್ಳೆಯ ಉದಾಹರಣೆ. ಹಿಂದೆ ನೀವು 100 ರೂಪಾಯಿ ಹಾಕಿದರೆ, ಷೇರು ಆಧಾರಿತ ಹಲವು ಯೋಜನೆಗಳಲ್ಲಿ 2 ರೂಪಾಯಿ 25 ಪೈಸೆ ಮೊದಲೇ ಮುರಿದುಕೊಂಡು ಉಳಿದದ್ದನ್ನು ಮಾತ್ರ ಹೂಡುತ್ತಿದ್ದರು. ಆ ಹಣದಿಂದ ಮಾರಾಟಗಾರರಿಗೆ ಕಮಿಷನ್ ಸಲ್ಲುತ್ತಿತ್ತು. ಸೆಬಿ ಸಂಸ್ಥೆಯು 2009ರ ಆಗಸ್ಟ್ 1ರಿಂದ ಈ ಕಡಿತವನ್ನು ನಿಲ್ಲಿಸಿತು. ಜೊತೆಗೆ, ಒಂದು ಯೋಜನೆಯನ್ನು ಶಿಫಾರಸು ಮಾಡುವವರು ಅದರಿಂದಲೂ ಅದಕ್ಕೆ ಸ್ಪರ್ಧಿಯಾದ ಬೇರೆ ಯೋಜನೆಗಳಿಂದಲೂ ತಮಗೆ ಸಿಗುವ ಕಮಿಷನ್ ಎಷ್ಟೆಂದು ಹೂಡಿಕೆದಾರರಿಗೆ ತಿಳಿಸಬೇಕೆಂದಿತು. "ಬೇರೆ ಯೋಜನೆಗಳಿಂದಲೂ" ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಒಂದರಲ್ಲಿ ಎಷ್ಟು, ಇನ್ನೊಂದರಲ್ಲಿ ಎಷ್ಟು ಎಂದು ಹೋಲಿಸಿದಾಗಲೇ ಶೂನ್ಯ ದೋಷ ಯಾವ ಕಡೆಗಿದೆ ಎಂದು ತಿಳಿಯುವುದು.

ಹೇಳಿದರೂ ಸಾಲದು ಎಂಬ ಕಡೆ

ಹಾಗಾದರೆ ಮುಚ್ಚಿಡದೆ ಹೇಳಿಬಿಟ್ಟರೆ ಎಲ್ಲ ಕಮಿಷನ್ನೂ ಸರಿಯೇ? ಇಲ್ಲ. ಕೆಲವು ಕಡೆ ಕಾನೂನು ಇನ್ನೂ ಕಠಿಣವಾಗಿದೆ.

ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರಿಗೆ ಸ್ಕ್ಯಾನ್ ಮಾಡಿಸಬೇಕಾಗಿ ಬಂತು. ವೈದ್ಯರು ಒಂದು ಚೀಟಿಯ ಮೇಲೆ ಸ್ಕ್ಯಾನಿಂಗ್ ಕೇಂದ್ರದ ಹೆಸರು ಬರೆದು, "ಅಲ್ಲಿಯೇ ಮಾಡಿಸಿ" ಎಂದರು. ಮನೆಯ ಹತ್ತಿರವೇ ಇದ್ದ ಎರಡು ಕೇಂದ್ರಗಳನ್ನು ದಾಟಿ, ನೋವಿನಲ್ಲಿದ್ದ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಊರಿನ ಇನ್ನೊಂದು ತುದಿಗೆ ಹೋದೆವು. ಅಲ್ಲಿನ ಯಂತ್ರ ನಿಜಕ್ಕೂ ಉತ್ತಮವಾಗಿದ್ದಿರಬಹುದು. ಅಥವಾ ಬೇರೇನೋ ಇದ್ದಿರಬಹುದು. ನನಗೆ ಇಂದಿಗೂ ತಿಳಿಯದು. ಅಪ್ಪ ಮಾತ್ರ ಅಂದಿನಿಂದ ಆ ವೈದ್ಯರು ಕೊಟ್ಟ ಮಾತ್ರೆಯನ್ನೂ ಅನುಮಾನದಿಂದಲೇ ನೋಡುತ್ತಿದ್ದರು. ಆ ವೈದ್ಯರು ಪ್ರಾಮಾಣಿಕರೇ ಆಗಿದ್ದಿದ್ದರೆ, ಯಾರೋ ಮಾಡಿದ ತಪ್ಪಿಗೆ ಅವರು ದಂಡ ತೆತ್ತಂತಾಯಿತು.

ರೋಗಿಯ ಸ್ಥಿತಿಯೇ ಅಂಥದು. "ನನಗೆ ಇಷ್ಟು ಕಮಿಷನ್ ಬರುತ್ತದೆ" ಎಂದು ವೈದ್ಯರು ಹೇಳಿದರೂ ಅದನ್ನು ಲೆಕ್ಕದಿಂದ ಕಳೆಯುವ ತಿಳಿವಳಿಕೆಯಾಗಲಿ, ಬೇರೆ ಕಡೆ ಹೋಗುವ ಧೈರ್ಯವಾಗಲಿ ರೋಗಿಗೆ ಇರುವುದಿಲ್ಲ. ಆದ್ದರಿಂದ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳು, ರೋಗಿಯನ್ನು ಕಳಿಸಿಕೊಟ್ಟದ್ದಕ್ಕಾಗಿ ವೈದ್ಯರು ಕಮಿಷನ್ ಕೊಡುವುದನ್ನೂ ಕೇಳುವುದನ್ನೂ ಪಡೆಯುವುದನ್ನೂ ನಿಷೇಧಿಸಿವೆ. ಪರೀಕ್ಷೆಗೆ ಕಳಿಸುವ ರಕ್ತ ಮುಂತಾದ ಮಾದರಿಗಳಿಗೂ ಇದು ಅನ್ವಯಿಸುತ್ತದೆ. ನಿಯಮವಿದ್ದ ಮಾತ್ರಕ್ಕೆ ರೂಢಿ ನಿಲ್ಲುವುದಿಲ್ಲ. 2017ರ ಕೊನೆಯಲ್ಲಿ ಬೆಂಗಳೂರಿನ ಕೆಲವು ರೋಗಪತ್ತೆ ಕೇಂದ್ರಗಳಲ್ಲಿ ಶೋಧ ನಡೆಸಿದ ಆದಾಯ ತೆರಿಗೆ ಇಲಾಖೆಯು, ಎಂ.ಆರ್.ಐ. ಸ್ಕ್ಯಾನಿಗೆ ಶೇಕಡಾ 35, ಸಿ.ಟಿ. ಸ್ಕ್ಯಾನಿಗೆ ಶೇಕಡಾ 20ರಷ್ಟು ಹಣ ವೈದ್ಯರಿಗೆ ಸಲ್ಲುತ್ತಿತ್ತೆಂದು ಹೇಳಿಕೆ ಕೊಟ್ಟಿತು. ಹಳೆಯ ದಸ್ತೂರಿಯ ಪ್ರಶ್ನೆಯನ್ನು ಇಲ್ಲೂ ಕೇಳಿ: ಆ ಹಣ ಯಾರದು?

ವಕೀಲರ ವೃತ್ತಿಯಲ್ಲೂ ಹೀಗೆಯೇ. ಕಕ್ಷಿದಾರರನ್ನು ಹಿಡಿದು ತಂದು ವಕೀಲರಿಂದ ಹಣ ಪಡೆಯುವವರನ್ನು 'ಟೌಟ್' ಎನ್ನುತ್ತಾರೆ. ಅಂಥವರ ಹೆಸರುಗಳ ಪಟ್ಟಿ ಮಾಡಿ ನ್ಯಾಯಾಲಯದ ಆವರಣದಿಂದ ದೂರ ಇಡುವ ಅಧಿಕಾರ 1879ರ ಲೀಗಲ್ ಪ್ರ್ಯಾಕ್ಟಿಷನರ್ಸ್ ಕಾಯ್ದೆಯಲ್ಲಿತ್ತು. ಆ ಹಳೆಯ ಕಾಯ್ದೆಯನ್ನು ತೆಗೆದುಹಾಕಿದ 2023ರ ತಿದ್ದುಪಡಿಯು ಈ ಅಧಿಕಾರವನ್ನು ಮಾತ್ರ ವಕೀಲರ ಕಾಯ್ದೆಯಲ್ಲಿ ಉಳಿಸಿಕೊಂಡಿತು.

ನೂರಿಪ್ಪತ್ತನಾಲ್ಕು ವರ್ಷಗಳ ತಿದ್ದುಪಡಿ

ಕಾನೂನು ಎಲ್ಲವನ್ನೂ ಒಮ್ಮೆಗೇ ಸರಿಯಾಗಿ ಹೇಳಿಬಿಡುತ್ತದೆ ಎಂದುಕೊಳ್ಳಬೇಡಿ. ಆನ್ಸೆಲ್ ತೀರ್ಪು ಬಂದ ಎರಡೇ ವರ್ಷಕ್ಕೆ, 1890ರಲ್ಲಿ, ಲಿಸ್ಟರ್ ಕಂಪನಿಯ ಮೊಕದ್ದಮೆ ಬಂತು. ಕಂಪನಿಗಾಗಿ ಸಾಮಗ್ರಿ ಕೊಳ್ಳುತ್ತಿದ್ದ ಸ್ಟಬ್ಸ್ ಎಂಬಾತ ಮಾರುವವರಿಂದ 5,541 ಪೌಂಡು ಗುಟ್ಟಾಗಿ ಪಡೆದು, ಅದರಲ್ಲಿ ಒಂದು ಭಾಗವನ್ನು ಜಮೀನಿಗೆ ಹಾಕಿದ್ದ. ಆ ಜಮೀನಿನ ಮೇಲೆ ಕಂಪನಿಗೆ ಹಕ್ಕಿದೆಯೇ? ಇಲ್ಲ ಎಂದಿತು ಮೇಲ್ಮನವಿ ನ್ಯಾಯಾಲಯ. ಸ್ಟಬ್ಸ್ ಕಂಪನಿಗೆ ಸಾಲಗಾರನಿದ್ದಂತೆ, ಅಷ್ಟೇ ಎಂಬುದು ಅದರ ಅಭಿಪ್ರಾಯ. ಇದರ ಪರಿಣಾಮ ಯೋಚಿಸಿ. ಜಮೀನಿನ ಬೆಲೆ ಏರಿದರೆ ಆ ಲಾಭ ತಪ್ಪು ಮಾಡಿದವನಿಗೆ! ಅವನು ದಿವಾಳಿಯಾದರೆ ಕಂಪನಿಯು ಉಳಿದ ಸಾಲಗಾರರ ಜೊತೆ ಸಾಲಿನಲ್ಲಿ ನಿಲ್ಲಬೇಕು.

ಈ ಕೊರತೆ ಪೂರ್ತಿ ನೀಗಿದ್ದು 2014ರ ಜುಲೈ 16ರಂದು. ಮಾಂಟೆ ಕಾರ್ಲೋ ನಗರದ ದೊಡ್ಡ ಹೋಟೆಲೊಂದರ ಒಡೆತನದ ಕಂಪನಿ 21 ಕೋಟಿ 15 ಲಕ್ಷ ಯೂರೋಗಳಿಗೆ ಮಾರಾಟವಾಗಿತ್ತು. ಕೊಳ್ಳುವವರ ಪರವಾಗಿ ಮಾತುಕತೆ ನಡೆಸಿದ ಸೀಡರ್ ಎಂಬ ಸಂಸ್ಥೆ, ಮಾರುವವರಿಂದಲೂ 1 ಕೋಟಿ ಯೂರೋ ಕಮಿಷನ್ ಪಡೆದಿತ್ತು. ಕೊಳ್ಳುವವರಿಗೆ ಅದನ್ನು ಸರಿಯಾಗಿ ತಿಳಿಸಿರಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ಒಮ್ಮತದಿಂದ 1890ರ ತೀರ್ಪನ್ನು ಬದಿಗಿಟ್ಟು, ಗುಟ್ಟಿನ ಕಮಿಷನ್ ಮೊದಲ ಕ್ಷಣದಿಂದಲೇ ಯಜಮಾನನ ಸ್ವತ್ತು ಎಂದು ಸಾರಿದರು.

ಇದರ ಜೊತೆಗೆ ಇನ್ನೊಂದು ತೀರ್ಪನ್ನೂ ತಿಳಿದಿರಿ. ಕಾರು ಮಾರುವ ಅಂಗಡಿಯವರು ಗಿರಾಕಿಗೆ ಸಾಲವನ್ನೂ ಕೊಡಿಸಿ, ಸಾಲ ಕೊಟ್ಟ ಸಂಸ್ಥೆಯಿಂದ ಕಮಿಷನ್ ಪಡೆದ ಮೂರು ಪ್ರಕರಣಗಳನ್ನು ಅದೇ ನ್ಯಾಯಾಲಯ 2025ರ ಆಗಸ್ಟ್ 1ರಂದು ತೀರ್ಮಾನಿಸಿತು. ಕಾರು ಮಾರುವವನು ತನ್ನ ವ್ಯಾಪಾರಕ್ಕಾಗಿ ನಿಂತವನು, ಗಿರಾಕಿಯ ಏಜೆಂಟನಲ್ಲ. ಆದ್ದರಿಂದ ಅವನಿಗೆ ಏಜೆಂಟನ ನಿಷ್ಠೆಯ ಹೊಣೆ ಇಲ್ಲ ಎಂದಿತು. ಆದರೆ ಒಂದು ಪ್ರಕರಣದಲ್ಲಿ ಸಾಲಕ್ಕಾಗಿ ಗಿರಾಕಿ ತೆರಬೇಕಾದ ಒಟ್ಟು ವೆಚ್ಚದ ಶೇಕಡಾ 55ರಷ್ಟು ಕಮಿಷನ್ನೇ ಆಗಿತ್ತು. ಅಂಗಡಿಗೂ ಸಾಲ ಕೊಟ್ಟ ಸಂಸ್ಥೆಗೂ ಇದ್ದ ಒಪ್ಪಂದ ಗಿರಾಕಿಗೆ ತಿಳಿಯದಂತಿತ್ತು. ಅದು ಅನ್ಯಾಯದ ಸಂಬಂಧವೆಂದು ಹೇಳಿ, ಕಮಿಷನ್ನನ್ನು ಬಡ್ಡಿಸಹಿತ ಗಿರಾಕಿಗೆ ಕೊಡಿಸಿತು.

ನೀವು ಕೇಳಬೇಕಾದ ಪ್ರಶ್ನೆ

ವಿದ್ಯಾರ್ಥಿ ಮಿತ್ರರೇ, ಇಷ್ಟು ದೀರ್ಘ ಚರಿತ್ರೆಯಿಂದ ಮೂರು ಮಾತುಗಳನ್ನು ನೆನಪಿನಲ್ಲಿಡಬಹುದು. ದಾರಿ ತೋರಿಸಿದವರು ಕೂಲಿ ಪಡೆಯುವುದು ತಪ್ಪಲ್ಲ. ನಮ್ಮ ಪರವಾಗಿ ನಿಂತವರು ಅದನ್ನು ನಮ್ಮಿಂದ ಮುಚ್ಚಿಡುವುದು ತಪ್ಪು. ಕೇಳಿ ತಿಳಿದರೂ ಏನೂ ಮಾಡಲಾಗದಷ್ಟು ನಾವು ಅಸಹಾಯಕರಾಗಿರುವ ಕಡೆ, ಅದನ್ನು ಪಡೆಯುವುದೇ ತಪ್ಪು.

ಮೊದಲು ಹೇಳಿದ ತರಬೇತಿ ಕೇಂದ್ರದ ಮಾತಿಗೆ ಮರಳೋಣ. ಆ ಪರಿಚಯದವರ ಮೇಲೆ ಯಾವ ಕಾನೂನು ಅನ್ವಯಿಸುತ್ತದೋ, ಅನ್ವಯಿಸುವುದೇ ಇಲ್ಲವೋ ಎಂಬುದು ವಕೀಲರು ವಾದಿಸಬೇಕಾದ ವಿಷಯ. ಅವರು ನಿಮ್ಮ ತಂದೆಯ ಏಜೆಂಟರಾಗಿರಲಿಲ್ಲ ಎಂದೂ ಹೇಳಬಹುದು. ಆದರೆ ನಿಮ್ಮ ಮನಸ್ಸಿನ ಕಸಿವಿಸಿಗೆ ಈಗ ಕಾರಣ ಗೊತ್ತಾಗಿರಬೇಕು. ಮುಂದೆ ಯಾರಾದರೂ ನಿಮಗೆ ಕಾಲೇಜು, ಸಾಲ, ವಿಮೆ, ನಿವೇಶನ, ಏನನ್ನೇ ಶಿಫಾರಸು ಮಾಡಲಿ, ಮರ್ಯಾದೆಯಿಂದ ಒಂದು ಮಾತು ಕೇಳಿ: "ಸಾರ್, ಇದರಿಂದ ನಿಮಗೇನಾದರೂ ಸಿಗುತ್ತದೆಯೇ?" ಪ್ರಾಮಾಣಿಕರು ಬೇಸರಪಡುವುದಿಲ್ಲ. ಹಾಗೆಯೇ ನಾಳೆ ನೀವೇ ಎಂಜಿನಿಯರ್, ವೈದ್ಯ, ಲೆಕ್ಕಾಧಿಕಾರಿ, ಇಲ್ಲವೇ ನನ್ನಂತೆ ನಿರ್ಮಾಪಕರಾಗಿ ಬೇರೆಯವರ ಹಣದಿಂದ ಕೊಳ್ಳುವ ಸ್ಥಾನದಲ್ಲಿ ಕುಳಿತಾಗ, ಒಂದು ಲಕೋಟೆ ಮೇಜಿನ ಮೇಲೆ ಬರಬಹುದು. ಕೊಟ್ಟವರು "ಇದು ಪದ್ಧತಿ ಸಾರ್" ಎನ್ನುತ್ತಾರೆ. ಆಗ ಅವರು ಯಾರೂ ಕೇಳುವ ಮುನ್ನ ನೀವೇ ನಿಮ್ಮನ್ನು ಕೇಳಿಕೊಳ್ಳಿ: ಈ ವಿಷಯವನ್ನು ಹಣ ಕೊಡುವವರ ಎದುರಿಗೆ ಹೇಳಬಲ್ಲೆನೇ? ಹೇಳಲಾರೆ ಎಂದಾದರೆ ಲಕೋಟೆಯನ್ನು ತೆರೆಯದೆ ಹಿಂದಿರುಗಿಸಿ.